ನಾರುಹುಳುವೂ ನಮ್ಮ ಬಾಯಾರಿಕೆಯೂ

ಅನ್ಯಗ್ರಹದ ಜೀವಿಯೊಂದು ಮನುಷ್ಯನ ಒಡಲನ್ನು ಹೊಕ್ಕು, ಅಲ್ಲಿ ಸದ್ದಿಲ್ಲದೆ ಬೆಳೆದು, ಕಾಲ ಪಕ್ವವಾದೊಡನೆ ಅವನ ಎದೆಯನ್ನು ಸೀಳಿಕೊಂಡು ಹೊರಬೀಳುವುದೆಂಬ ಕಲ್ಪನೆಯು ಪಾಶ್ಚಾತ್ಯ ಕಥೆಗಾರರಿಗೆ ಪ್ರಿಯವಾದುದು. 1979ರಲ್ಲಿ ತೆರೆಗೆ ಬಂದ ‘ಏಲಿಯನ್’ ಎಂಬ ಚಲಚ್ಚಿತ್ರವು ಈ ಜಾತಿಯ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು. ಅಲ್ಲಿಯ ಪ್ರಾಣಿಯ ರೂಪವನ್ನು ಕಲ್ಪಿಸಿದವರು ಸ್ವಿಟ್ಜರ್ಲೆಂಡಿನ ಚಿತ್ರಕಾರ ಎಚ್. ಆರ್. ಗೀಗರ್. ಮೊಟ್ಟೆಯಿಂದ ಜಿಗಿದು ಮುಖಕ್ಕೆ ಅಂಟಿಕೊಳ್ಳುವುದು ಅದರ ಒಂದು ಅವಸ್ಥೆ. ಒಡಲೊಳಗೆ ಅಡಗಿ ಬೆಳೆಯುವುದು ಮತ್ತೊಂದು. ಹೊರಬಂದು ಬೇಟೆಯಾಡುವುದು ಇನ್ನೊಂದು. ಈಚೆಗೆ ನಮ್ಮ ಹಳ್ಳಿಗಳ ಮನೆಗಳಿಗೂ ಮೊಬೈಲು ಬಂದಿರುವುದರಿಂದ ಇಂಥ ಚಿತ್ರಗಳ ತುಣುಕುಗಳನ್ನು ಐದನೆಯ ತರಗತಿಯ ಹುಡುಗರೂ ನೋಡಿರುತ್ತಾರೆ. ನೋಡಿ ಬಂದು, ಇಂಥದು ನಿಜವಾಗಿಯೂ ಉಂಟೆ ಎಂದು ನಮ್ಮಂಥ ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಕೇಳುತ್ತಾರೆ. ಉಂಟಪ್ಪ, ನಿಮ್ಮ ಮುತ್ತಜ್ಜನ ಕಾಲಿನಲ್ಲಿಯೇ ಇದ್ದಿರಬಹುದು ಎಂದರೆ ಅವರು ನಂಬುವುದಿಲ್ಲ.

ಇಂಥ ಕಥೆಗಳಲ್ಲಿ ನಮ್ಮನ್ನು ಹೆದರಿಸುವುದು ಹಲ್ಲು ಉಗುರುಗಳಾಗಿರಲಾರವು. ಹುಲಿಗೂ ಹಲ್ಲುಗಳಿವೆ. ಆದರೆ ಹುಲಿಯು ತಂದ ಸಾವು ಹೊರಗಿನಿಂದ ಬಂದದ್ದು. ನಾವು ಆ ದಾರಿಯಲ್ಲಿ ಹೋಗದಿದ್ದರೆ ಅದು ಜಿಂಕೆಯನ್ನು ಹಿಡಿದು ತೃಪ್ತಿಪಡುತ್ತಿತ್ತು. ಪರೋಪಜೀವಿಯಾದರೋ ನಮ್ಮ ಹಸಿವು, ನೀರಡಿಕೆ, ನೋವು, ನಾವು ನಡೆಯುವ ದಾರಿ ಎಲ್ಲವನ್ನೂ ಮೊದಲೇ ಲೆಕ್ಕಹಾಕಿ ತನ್ನ ಬಾಳನ್ನು ಹೆಣೆದುಕೊಂಡಂತೆ ತೋರುತ್ತದೆ. ನಮ್ಮನ್ನು ಬಹು ಚೆನ್ನಾಗಿ ಬಲ್ಲವರಾರೋ ಕುಳಿತು ನಮಗಾಗಿಯೇ ರಚಿಸಿದಂತೆ! ಹೀಗೆ ಯಾರೋ ರಚಿಸಿದ್ದಾರೆಂಬ ಶಂಕೆಯೇ ಭಯದ ಬೇರು. ಹಾಗಿದ್ದಲ್ಲಿ ರಚಿಸಿದವರಾರು? ಅದರಿಂದಾಗುವ ದುಃಖದ ಹೊಣೆ ಯಾರದು? ಅಂಥ ಜೀವಿಯನ್ನು ಲೋಕದಿಂದಲೇ ಇಲ್ಲವಾಗಿಸುವುದು ಧರ್ಮವೆ? ಈ ಪ್ರಶ್ನೆಗಳನ್ನು ಕಥೆಯ ಪ್ರಾಣಿಯನ್ನಿಟ್ಟುಕೊಂಡು ವಿಚಾರಿಸುವುದಕ್ಕಿಂತ ನಮ್ಮ ಸೀಮೆಯ ಬಾವಿಗಳಲ್ಲಿದ್ದ ಪ್ರಾಣಿಯನ್ನಿಟ್ಟುಕೊಂಡು ವಿಚಾರಿಸುವುದು ಮೇಲೆಂದು ನಮಗೆ ತೋರುತ್ತದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ತಾಲ್ಲೂಕುಗಳಲ್ಲಿ ನುಡಿ ಎರಡಾದರೂ ನೀರಡಿಕೆ ಒಂದೇ. ನಾವು ‘ನಾರುಹುಣ್ಣು’ ಎಂದುದನ್ನು ನಮ್ಮ ತೆಲುಗು ನೆರೆಯವರು ‘ನಾರಿಕುರುಪು’ ಎಂದರು. ಎರಡು ಭಾಷೆಗಳಲ್ಲಿಯೂ ಕಂಡದ್ದು ನಾರೇ. ಹುಣ್ಣಿನ ಬಾಯಿಂದ ಹೊರಗೆ ಇಣುಕುವ ಬಿಳಿಯ ದಾರದಂಥ ವಸ್ತು. ಆಯುರ್ವೇದದ ಈಚಿನ ಗ್ರಂಥಗಳಲ್ಲಿ ಇದಕ್ಕೆ ‘ಸ್ನಾಯುಕ’ವೆಂಬ ಹೆಸರಿದೆ. ಮದೀನಾ ನಗರದ ಹೆಸರನ್ನು ಸೇರಿಸಿ ಪಾಶ್ಚಾತ್ಯ ಪಂಡಿತರು ಇಟ್ಟ ಲ್ಯಾಟಿನ್ ಹೆಸರು ‘ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್’. ಮೊದಲ ಪದದ ಅರ್ಥ ಪುಟ್ಟ ಘಟಸರ್ಪ. ಕಥೆಗಾರರಿಗಿಂತ ಮೊದಲೇ ವಿಜ್ಞಾನಿಗಳು ಇದರಲ್ಲಿ ರಾಕ್ಷಸನನ್ನು ಕಂಡಿದ್ದರೆಂದಾಯಿತು.

ಇದರ ಬಾಳಿನ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದಕ್ಕೆ ಓದುಗರು ಅಪ್ಪಣೆ ಕೊಡಬೇಕು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕ್ಷುದ್ರಜೀವಿಯುಂಟು. ಅಳತೆಯಲ್ಲಿ 1ರಿಂದ 2 ಮಿಲಿಮೀಟರು. ಸಿಗಡಿಯ ದೂರದ ನಂಟ. ಒಂದೇ ಕಣ್ಣುಳ್ಳದ್ದರಿಂದ ಗ್ರೀಕರ ಪುರಾಣದ ಒಕ್ಕಣ್ಣ ದೈತ್ಯನ ಹೆಸರು ಅದಕ್ಕೆ ಬಂದಿದೆ. ನಾರುಹುಳುವಿನ ಮರಿಗಳನ್ನು ಇದು ತನ್ನ ಆಹಾರವೆಂದು ತಿಳಿದು ನುಂಗುತ್ತದೆ. ನುಂಗಿದವು ಸಾಯದೆ ಸುಮಾರು ಎರಡು ವಾರಗಳಲ್ಲಿ ಅದರ ಮೈಯೊಳಗೆ ಬಲಿಯುತ್ತವೆ. ಅನಂತರ ಯಾರೋ ಒಬ್ಬ ದಾರಿಹೋಕನೋ, ಹತ್ತಿ ಬಿಡಿಸಿ ಬಂದ ಹೆಂಗಸೋ ಬೊಗಸೆಯಲ್ಲಿ ಆ ನೀರನ್ನು ಕುಡಿಯುತ್ತಾರೆ. ಹೊಟ್ಟೆಯ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿಗಳು ಬಿಡುಗಡೆಯಾಗುತ್ತವೆ, ಕರುಳಿನ ಗೋಡೆಯನ್ನು ತೂರಿ ಒಳಗೆ ಹೋಗುತ್ತವೆ. ಅಲ್ಲಿ ಗಂಡೂ ಹೆಣ್ಣೂ ಕೂಡಿ, ಗಂಡು ಅಲ್ಲಿಯೇ ಸಾಯುತ್ತದೆ. ಹೆಣ್ಣು ಬೆಳೆಯುತ್ತಲೇ ಹೋಗುತ್ತದೆ. ಒಂದು ಮೀಟರಿನಷ್ಟು ಉದ್ದಕ್ಕೆ, ಆದರೆ ದಪ್ಪ ಮಾತ್ರ ಒಂದು ದಾರದಷ್ಟೇ. ಸುಮಾರು ಒಂದು ವರ್ಷ ಕಾಲ ಮನುಷ್ಯನಿಗೆ ಇದಾವುದರ ಸುಳಿವೂ ಇರುವುದಿಲ್ಲ. ಅವನು ಬಿತ್ತುತ್ತಾನೆ, ಕೊಯ್ಯುತ್ತಾನೆ, ಜಾತ್ರೆಗೆ ಹೋಗಿ ಬರುತ್ತಾನೆ.

ವರ್ಷ ತುಂಬುವ ಹೊತ್ತಿಗೆ ಅದು ಚರ್ಮದ ಅಡಿಯಲ್ಲಿಯೇ ಕೆಳಗಿಳಿದು ಬಹುಮಟ್ಟಿಗೆ ಕಾಲಿಗೇ ಬಂದು ನಿಲ್ಲುತ್ತದೆ. ಅಲ್ಲಿ ಒಂದು ಬೊಕ್ಕೆ ಏಳುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳಲಾರದೆ ಅವನು ಏನು ಮಾಡುತ್ತಾನೆ? ನೀರನ್ನು ಹುಡುಕುತ್ತಾನೆ. ಕಾಲನ್ನು ನೀರಿನಲ್ಲಿ ಇಳಿಬಿಟ್ಟೊಡನೆ ಬೊಕ್ಕೆ ಒಡೆದಿದ್ದ ಸ್ಥಳದಿಂದ ಹುಳುವು ಹಾಲಿನಂಥ ದ್ರವವನ್ನು ಚೆಲ್ಲುತ್ತದೆ. ಆ ದ್ರವದಲ್ಲಿ ಲಕ್ಷಗಟ್ಟಲೆ ಮರಿಗಳು. ಅವು ಕೆಲವೇ ದಿನಗಳಲ್ಲಿ ಸೈಕ್ಲಾಪ್ಸಿನ ಬಾಯಿಗೆ ಬಿದ್ದರೆ ಬದುಕಿದವು, ಇಲ್ಲವಾದರೆ ಸತ್ತವು. ಬಿದ್ದದ್ದಾದರೆ ಮತ್ತೆ ಒಂದು ವರ್ಷದ ಮೇಲೆ ಇನ್ನೊಬ್ಬರ ಕಾಲಿನಲ್ಲಿ ಉರಿ.

ಈ ರಚನೆಯನ್ನು ಕುರಿತು ಎಷ್ಟು ಚಿಂತಿಸಿದರೂ ನಮ್ಮ ಬೆರಗು ತೀರಿಲ್ಲ. ಹುಳುವಿಗೆ ಕಾಲುಗಳಿಲ್ಲ, ನಮ್ಮ ಕಾಲೇ ಅದರ ಕಾಲು. ನೀರು ಎಲ್ಲಿದೆಯೆಂದು ಅದು ಅರಿಯದು. ನಮ್ಮ ನೋವೇ ಅದಕ್ಕೆ ದಾರಿ ತೋರಿಸುತ್ತದೆ. ನಾವು ಯಾವುದನ್ನು ಪರಿಹಾರವೆಂದು ತಿಳಿದು ಅವಸರದಿಂದ ಮಾಡುತ್ತೇವೆಯೋ ಅದೇ ಅದರ ಹೆರಿಗೆ. ಗೀಗರ್ ಮಹಾಶಯರ ಪ್ರಾಣಿಯು ಎದೆಯನ್ನು ಸೀಳಿಕೊಂಡು ಬರುತ್ತದೆ, ಅದು ಬಲಾತ್ಕಾರ. ನಾರುಹುಳುವು ತನ್ನ ಕೆಲಸವನ್ನು ನಮ್ಮಿಂದಲೇ, ನಮ್ಮ ಇಚ್ಛೆಯಿಂದಲೇ ಮಾಡಿಸಿಕೊಳ್ಳುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಭಯಂಕರವೆಂಬುದನ್ನು ಓದುಗರೇ ನಿರ್ಣಯಿಸಲಿ.

ಹೊರಗೆ ಕಾಣಿಸಿಕೊಂಡ ಹುಳುವನ್ನು ಒಂದು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಎರಡು ಬೆರಳಗಲದಂತೆ ಎಳೆಯುವುದೇ ಇದಕ್ಕೆ ಇದ್ದ ಚಿಕಿತ್ಸೆ. ಸಾವಿರಾರು ವರ್ಷಗಳಿಂದ ನಡೆದುಬಂದ ಈ ಕ್ರಮಕ್ಕಿಂತ ಉತ್ತಮವಾದ ಔಷಧವಾಗಲಿ, ಬರದಂತೆ ತಡೆಯುವ ಲಸಿಕೆಯಾಗಲಿ ಇಂದಿಗೂ ದೊರೆತಿಲ್ಲ. ಅವಸರಪಟ್ಟು ಎಳೆದರೆ ಹುಳು ಒಳಗೇ ತುಂಡಾಗಿ, ಕಾಲು ಬಾತು, ಕೀವು ತುಂಬಿ, ಕೆಲವರು ಕುಂಟರೇ ಆದರು. ವಾರಗಟ್ಟಲೆ ಹಾಸಿಗೆ ಹಿಡಿಯಬೇಕು. ಅದೂ ಬೇಸಿಗೆಯ ಕೊನೆಯಿಂದ ಮುಂಗಾರಿನ ವರೆಗೆ, ಬಾವಿಯ ನೀರು ತಳ ಕಂಡು ಹೊಲದ ಕೆಲಸ ಕೂಗಿ ಕರೆಯುವ ಕಾಲದಲ್ಲಿ. ನಮ್ಮ ಕಡೆಯ ವೃದ್ಧರು ಕೆಲವರು ಮೊಣಕಾಲಿನ ಕೆಳಗಿನ ಕಲೆಯನ್ನು ತೋರಿಸಿ, ‘ಆ ವರ್ಷ ನಮ್ಮ ಹೊಲ ಬೀಳುಬಿತ್ತು’ ಎನ್ನುವುದನ್ನು ನಾವು ಕೇಳಿದ್ದೇವೆ. ಹುಣ್ಣಿನ ವರ್ಷವನ್ನು ಅವರು ಹೊಲದ ಲೆಕ್ಕದಲ್ಲಿ ನೆನಪಿಟ್ಟಿದ್ದಾರೆ, ನೋವಿನ ಲೆಕ್ಕದಲ್ಲಲ್ಲ.

ಇನ್ನು ರಚಿಸಿದವರಾರೆಂಬ ಪ್ರಶ್ನೆ. ಇದು ಹಳೆಯದು. ಚಾರ್ಲ್ಸ್ ಡಾರ್ವಿನ್ನರು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಯವರಿಗೆ ಬರೆದ ಪತ್ರವೊಂದರಲ್ಲಿ, ಜೀವಂತ ಕಂಬಳಿಹುಳುವಿನ ಒಡಲೊಳಗೆ ತನ್ನ ಮರಿಗಳನ್ನು ಬೆಳೆಸುವ ಒಂದು ಜಾತಿಯ ಕಡಜವನ್ನು ಕರುಣಾಳುವಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತಮ್ಮ ಮನಸ್ಸು ಒಪ್ಪುವುದಿಲ್ಲವೆಂದು ತಿಳಿಸಿದ್ದಾರೆ. ನಮ್ಮ ದೇಶದ ವೇದಾಂತಿಗಳೂ ಕಡಜವನ್ನು ಕಂಡಿದ್ದರು. ಗೋಡೆಯ ಮಣ್ಣಿನ ಗೂಡಿಗೆ ಹುಳುವೊಂದನ್ನು ಹೊತ್ತು ತಂದು, ಕುಟುಕಿ, ಗೂಡನ್ನು ಮುಚ್ಚಿಹೋಗುತ್ತದೆ. ಕೆಲವು ದಿನಗಳ ಮೇಲೆ ಗೂಡನ್ನು ಕೊರೆದುಕೊಂಡು ಕಡಜವೇ ಹೊರಬರುತ್ತದೆ. ಹುಳುವು ಭಯದಿಂದ ಎಡೆಬಿಡದೆ ಕಡಜವನ್ನೇ ಧ್ಯಾನಿಸಿ ಕಡಜವಾಯಿತೆಂದು ಅವರು ಅರ್ಥಮಾಡಿದರು. ಜೀವನು ಶಿವನನ್ನು ಧ್ಯಾನಿಸಿ ಶಿವನಾಗುವುದಕ್ಕೆ ಇದೇ ದೃಷ್ಟಾಂತವಾಗಿ, ಭ್ರಮರಕೀಟ ನ್ಯಾಯವೆಂದು ಹೆಸರಾಯಿತು. ನಡೆದದ್ದಾದರೋ ಬೇರೆ: ಕಡಜದ ಮೊಟ್ಟೆಯೊಡೆದು ಬಂದ ಮರಿಯು ಮೈ ಮರಗಟ್ಟಿ ಬಿದ್ದಿದ್ದ ಹುಳುವನ್ನು ತಿಂದು ಬೆಳೆದು ಹಾರಿಹೋಯಿತು. ಒಂದೇ ಗೂಡನ್ನು ನೋಡಿ ಒಬ್ಬರು ಮೋಕ್ಷವನ್ನು ಕಂಡರು, ಇನ್ನೊಬ್ಬರು ದೇವರನ್ನು ಸಂದೇಹಿಸಿದರು. ದೃಷ್ಟಾಂತವು ಸುಳ್ಳಾದ ಮಾತ್ರಕ್ಕೆ ಸಿದ್ಧಾಂತವು ಸುಳ್ಳಾಗಬೇಕಾಗಿಲ್ಲ. ಆ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಇಷ್ಟೇ: ಪ್ರಕೃತಿಯ ಗೂಡಿನೊಳಗೆ ನಾವು ಕಾಣುವ ನೀತಿಯು ಬಹುಮಟ್ಟಿಗೆ ನಾವೇ ಒಯ್ದು ಇಟ್ಟದ್ದು.

ನಾರುಹುಳುವಿನಲ್ಲಿ ದುಷ್ಟತನವನ್ನು ಕಾಣುವುದೂ ಹೀಗೆಯೇ ನಾವು ಒಯ್ದು ಇಟ್ಟದ್ದು. ಬೆಳೆದ ಹೆಣ್ಣು ಹುಳುವಿನ ಒಳರಚನೆಯನ್ನು ಪರೀಕ್ಷಿಸಿದವರು ಹೇಳುವುದೇನೆಂದರೆ, ಅದರ ಕರುಳು ಬತ್ತಿ ಮುದುಡಿರುತ್ತದೆ, ಮೈಯ ಉದ್ದಕ್ಕೂ ಇರುವುದು ಗರ್ಭಕೋಶವೊಂದೇ. ಹೆರುವುದನ್ನುಳಿದು ಅದಕ್ಕೆ ಬೇರೆ ಕೆಲಸವಿಲ್ಲ, ಬೇರೆ ಬಾಳಿಲ್ಲ. ಇಂಥದಕ್ಕೆ ದ್ವೇಷವೆಲ್ಲಿಂದ ಬರಬೇಕು? ಯುಗಯುಗಾಂತರಗಳಲ್ಲಿ ಉರಿಯನ್ನುಂಟುಮಾಡದ ಹುಳುಗಳ ಮರಿಗಳು ನೀರನ್ನು ಸೇರದೆ ಸತ್ತವು, ಉರಿಸಿದವುಗಳ ಮರಿಗಳು ಸೇರಿದವು. ರಚನೆ ಎಂದು ನಾವು ಹೆಸರಿಟ್ಟದ್ದು ಹೀಗೆ ಜರಡಿಯಲ್ಲಿ ಉಳಿದ ಕಾಳು. ಜರಡಿ ಹಿಡಿದ ಕೈ ಇದೆಯೋ ಇಲ್ಲವೋ ಎಂಬುದನ್ನು ಅವರವರ ಶ್ರದ್ಧೆಗೆ ಬಿಡೋಣ.

ಕರ್ಮಸಿದ್ಧಾಂತವನ್ನು ನಂಬಿದ ಹಿರಿಯರು ಇಲ್ಲಿ ಒಂದು ಸಮಾಧಾನವನ್ನು ಹೇಳುವುದುಂಟು. ಹುಳು ನಿರ್ದೋಷಿಯಾದರೆ ಆಗಲಿ, ಅನುಭವಿಸಿದವನು ತನ್ನ ಪೂರ್ವಜನ್ಮದ ಫಲವನ್ನು ಅನುಭವಿಸಿದನೆಂದು. ಅವರಲ್ಲಿ ನಮಗೆ ಗೌರವವಿದೆ. ಆದರೆ ಒಂದು ಸಂದೇಹವನ್ನು ವಿನಯದಿಂದ ಮುಂದಿಡುತ್ತೇವೆ. ನೀರನ್ನು ದಟ್ಟವಾದ ಅರಿವೆಯಲ್ಲಿ ಸೋಸಿ ಕುಡಿದವನಿಗೆ ಈ ರೋಗ ಬರಲಿಲ್ಲ. ಸೋಸದೆ ಕುಡಿದ ಅವನ ಒಡಹುಟ್ಟಿದವನಿಗೆ ಬಂತು. ಪೂರ್ವಜನ್ಮದ ಕರ್ಮವು ಅರಿವೆಯ ಕಣ್ಣಿನಲ್ಲಿ ಸಿಕ್ಕಿಬೀಳುವಂಥದೆ? ಸಿಕ್ಕಿಬೀಳುವುದಾದರೆ ಸೋಸುವ ಅರಿವೆಯನ್ನು ಹಂಚದೆ ಇದ್ದವರ ಕರ್ಮವನ್ನೂ ಒಂದಿಷ್ಟು ವಿಚಾರಿಸಬೇಕಾಗುತ್ತದೆ.

ಈಗ ಬಾವಿಯ ಮೆಟ್ಟಿಲ ಮೇಲೆ ನಿಂತಿರುವ ಆ ಮನುಷ್ಯನ ಬಳಿಗೆ ಹಿಂತಿರುಗೋಣ. ಎರೆಯ ಸೀಮೆಯಲ್ಲಿ ಸಿಹಿನೀರು ಸಿಕ್ಕ ಒಂದು ಬಾವಿಯೇ ಇಡೀ ಊರಿಗೆ ಆಧಾರ. ಅದು ಮೆಟ್ಟಿಲ ಬಾವಿ. ಕೊಡ ತುಂಬುವುದಕ್ಕೆ ಇಳಿದೇ ಇಳಿಯಬೇಕು, ನೀರು ಕೆಳಗೆ ಹೋದಂತೆಲ್ಲ ಮೊಣಕಾಲಿನ ವರೆಗೆ ನೀರಿನಲ್ಲಿ ನಿಲ್ಲಬೇಕು. ಹುಳುವಿಗೆ ಇದಕ್ಕಿಂತ ಅನುಕೂಲವಾದ ಸ್ಥಳವನ್ನು ಯಾವ ಶಿಲ್ಪಿಯೂ ಕಟ್ಟಲಾರನು. ಸೇದುವ ಬಾವಿಯಲ್ಲಿ ಹುಳುವಿನ ಆಟ ನಡೆಯದು; ಹಗ್ಗವು ಇಳಿಯುತ್ತದೆ, ಕಾಲು ಇಳಿಯುವುದಿಲ್ಲ. ಉರಿಯುವ ಕಾಲನ್ನು ಈ ಮೆಟ್ಟಿಲ ಬಾವಿಯಲ್ಲಿ ತೊಳೆದವನು ಮುಂದಿನ ವರ್ಷ ಹತ್ತು ಮನೆಗಳಿಗೆ, ಒಮ್ಮೊಮ್ಮೆ ತನ್ನ ಮನೆಗೇ, ಅದೇ ಉರಿಯನ್ನು ಹಂಚಿದನು. ಅವನು ಕಾರಣನೆಂಬುದರಲ್ಲಿ ಸಂಶಯವಿಲ್ಲ. ಅವನು ದೋಷಿಯೆ?

ಅರಿಯದೆ ಮಾಡಿದ್ದರಿಂದ ದೋಷಿಯಲ್ಲವೆಂದು ಎಲ್ಲರೂ ಥಟ್ಟನೆ ಹೇಳಿಬಿಡುತ್ತಾರೆ. ಸರಿ. ಕುಡಿಯುವುದಕ್ಕೂ ಉರಿಯುವುದಕ್ಕೂ ನಡುವೆ ಒಂದು ವರ್ಷದ ಅಂತರವಿರುವಾಗ ಯಾವ ಬುದ್ಧಿವಂತ ತಾನೇ ಇವೆರಡನ್ನೂ ಹೊಂದಿಸಿಯಾನು? ಉಷ್ಣವೆಂದು ಕೆಲವರು, ನಾಗರ ದೋಷವೆಂದು ಕೆಲವರು ಹೇಳುತ್ತಿದ್ದರೆಂದು ಹಿರಿಯರಿಂದ ಕೇಳಿದ್ದೇವೆ. ಆದರೆ ಅರಿತ ಮೇಲೆ? ಯಾರೋ ಒಬ್ಬರು ಬಂದು, ನೋಡಪ್ಪ, ಈ ಕಾಲನ್ನು ನೀರಿಗೆ ಇಳಿಸಬೇಡ ಎಂದು ತಿಳಿಸಿ ಹೇಳಿದ ಮೇಲೂ ಇಳಿಸಿದರೆ? ಆಗ ದೋಷವುಂಟೆಂದು ನಾವೂ ಒಪ್ಪುತ್ತೇವೆ. ಆದರೆ ಇಳಿಯುವವಳು ನೀರು ತರುವ ಹೆಂಗಸಾಗಿದ್ದು, ಮನೆಯಲ್ಲಿ ಮಕ್ಕಳು ಬಾಯಾರಿ ಕುಳಿತಿದ್ದು, ಊರಿಗೆ ಬೇರೆ ಬಾವಿಯೇ ಇಲ್ಲವೆಂದಾದರೆ? ಇಳಿಯಬೇಡವೆಂದು ಅವಳಿಗೆ ಹೇಳುವ ಅಧಿಕಾರ ಯಾರಿಗಿದೆ? ನಮ್ಮ ಉತ್ತರ ಇದು: ಅವಳ ಕೊಡವನ್ನು ತಾನು ತುಂಬಿಕೊಡುವವನಿಗೆ ಮಾತ್ರ. ನೀರನ್ನು ಕೊಡದೆ ನಿಷೇಧವನ್ನು ಮಾತ್ರ ಕೊಡುವವನು ತನ್ನ ದೋಷವನ್ನು ಅವಳ ತಲೆಗೆ ಹೊರಿಸಿದಂತಾಗುತ್ತದೆ.

ಉಪಾಧ್ಯಾಯ ವರ್ಗದಲ್ಲಿ ಒಂದು ರೂಢಿಯಿದೆ. ಯಾವ ರೋಗದ ಪಾಠವಾದರೂ ‘ಕಾರಣ: ಅಜ್ಞಾನ ಮತ್ತು ಅಶುಚಿತ್ವ’ ಎಂದು ಹಲಗೆಯ ಮೇಲೆ ಬರೆದು ಮುಗಿಸುವುದು. ಮಕ್ಕಳು ಅದನ್ನೇ ಬರೆದುಕೊಂಡು ಹೋಗಿ, ತಮ್ಮ ಅಜ್ಜಿ ಕೊಳಕಳೂ ದಡ್ಡಳೂ ಆಗಿದ್ದಳೆಂದು ತಿಳಿಯುತ್ತಾರೆ. ನಾರುಹುಣ್ಣಿನ ವಿಷಯದಲ್ಲಿ ಈ ಮಾತು ಸಲ್ಲದು. ಕಾಲನ್ನು ತೊಳೆಯಲೆಂದೇ ಅಲ್ಲವೆ ಅವರು ನೀರಿಗಿಳಿದದ್ದು? ಇನ್ನು ಅಜ್ಞಾನವನ್ನು ಕುರಿತು ಹೇಳುವುದಾದರೆ ಅದರ ತೇದಿಗಳನ್ನು ನೋಡಬೇಕು.

ರಷ್ಯಾದ ವಿಜ್ಞಾನಿ ಫೆಡ್‌ಚೆಂಕೋ ಎಂಬವರು ತುರ್ಕಿಸ್ತಾನದಲ್ಲಿ ಸೈಕ್ಲಾಪ್ಸಿನೊಳಗೆ ಈ ಹುಳುವಿನ ಮರಿ ಬೆಳೆಯುವುದನ್ನು ಕಂಡುಹಿಡಿದದ್ದು 1870ರ ಸುಮಾರಿನಲ್ಲಿ. ಮದ್ರಾಸಿನಿಂದ ಹೊರಟ ರೈಲುದಾರಿ ನಮ್ಮ ಆದವಾನಿಯನ್ನು ಹಾದು ರಾಯಚೂರಿನಲ್ಲಿ ಮುಂಬಯಿಯ ದಾರಿಯನ್ನು ಕೂಡಿದ್ದು 1871ರಲ್ಲಿ. ನಮ್ಮ ಹತ್ತಿ ಆ ದಾರಿಯಲ್ಲಿ ಹೋಯಿತು. ಫೆಡ್‌ಚೆಂಕೋ ಅವರ ಅರಿವು ಆ ದಾರಿಯಲ್ಲಿ ಹಿಂತಿರುಗಿ ಬರಲಿಲ್ಲ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿಯವರು ಈ ಹುಳುವಿನ ಮೇಲೆ ವರ್ಷಗಟ್ಟಲೆ ದುಡಿದರು. ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲ ಬಾವಿಗಳಲ್ಲಿ ಬಿಡುವ ಉಪಾಯವನ್ನು ಅವರೂ ಡಬ್ಲ್ಯು. ಸಿ. ಸ್ವೀಟ್ ಅವರೂ ಕೂಡಿ 1936ರಲ್ಲಿ ಪ್ರಕಟಿಸಿದರು. ಕನ್ನಡ ನಾಡಿನ ಬಾವಿಗಳಲ್ಲಿ ನಡೆದ ಈ ಕೆಲಸವನ್ನು ಕನ್ನಡಿಗರಲ್ಲಿ ಎಷ್ಟು ಜನ ಬಲ್ಲರು? ನಮ್ಮ ಜಿಲ್ಲೆಯಲ್ಲಿಯೇ ಕರ್ನೂಲು ವೈದ್ಯಕೀಯ ಕಾಲೇಜಿನ ಸಿ. ಆರ್. ಆರ್. ಎಂ. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ರೋಗದ ಹರಡುವಿಕೆಯನ್ನು ಅಭ್ಯಸಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1969ರಲ್ಲಿ ಬರೆದರು. ಭಾರತ ಸರ್ಕಾರವು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡದ್ದು 1983–84ರಲ್ಲಿ. ಫೆಡ್‌ಚೆಂಕೋ ಅವರಿಂದ ಎಣಿಸಿದರೆ ನೂರು ವರ್ಷಕ್ಕೂ ಮೇಲೆ! ಆ ನೂರು ವರ್ಷಗಳ ಅಜ್ಞಾನವನ್ನು ಮೆಟ್ಟಿಲ ಮೇಲೆ ನಿಂತ ಹೆಂಗಸಿನ ಅಜ್ಞಾನವೆಂದು ಕರೆಯುವುದು ನ್ಯಾಯವೆ? ತುಂಗಭದ್ರೆಯ ಕಾಲುವೆ ನಮ್ಮ ಹೊಲಗಳ ಅಂಚಿಗೆ ಬಂದ ಮೇಲೂ ಊರ ಕೊಡಗಳು ಮೆಟ್ಟಿಲನ್ನೇ ಇಳಿಯುತ್ತಿದ್ದವು.

ಮೆಟ್ಟಿಲ ಬಾವಿಗೆ ಇಳಿಯುವ ಅಧಿಕಾರವಾದರೂ ಎಲ್ಲರಿಗೂ ಇತ್ತೆ? ಇರಲಿಲ್ಲ. ಮೇಲೆ ನಿಂತು ಯಾರಾದರೂ ಸುರಿಯಲೆಂದು ಕಾದವರು, ಕಾದು ಸಾಕಾಗಿ ಕುಂಟೆಯ ನೀರನ್ನು ಕುಡಿದವರು ನಮ್ಮಲ್ಲಿ ಇದ್ದರು. ಹುಳುವು ಮಾತ್ರ ಈ ಭೇದವನ್ನು ಎಣಿಸಿದಂತಿಲ್ಲ. ಮಡಿಯಿಂದ ತಂದ ಕೊಡದಲ್ಲಿಯೂ ಅದು ಬಂತು.

ಆ ಹುಳುವನ್ನು ನಮ್ಮ ದೇಶದಿಂದ ಇಲ್ಲವಾಗಿಸಿದ ಬಗೆ ಸ್ಮರಣೀಯವಾದುದು. 1984ರಲ್ಲಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಆಂಧ್ರವೂ ಕರ್ನಾಟಕವೂ ಆ ಏಳರಲ್ಲಿ ಸೇರಿದ್ದವು. ಔಷಧವಿಲ್ಲದ ರೋಗವಾದ್ದರಿಂದ ಯುದ್ಧವು ಹುಳುವಿನ ಮೇಲೆ ನಡೆಯದೆ ದಾರಿಯ ಮೇಲೆ ನಡೆಯಿತು. ಕೆಲಸದವರು ಮನೆಮನೆಗೆ ಹೋಗಿ ಹುಣ್ಣುಳ್ಳವರನ್ನು ಹುಡುಕಿದರು. ಸೋಸುವ ಅರಿವೆಯನ್ನು ಹಂಚಿದರು. ಮೆಟ್ಟಿಲ ಬಾವಿಗಳನ್ನು ಮುಚ್ಚಿದರು, ಇಲ್ಲವೆ ಕಟ್ಟೆ ಕಟ್ಟಿ ಸೇದುವ ಬಾವಿಗಳನ್ನಾಗಿ ಮಾಡಿದರು. ಬೋರಿಂಗು ಹಾಕಿದರು. ಸೈಕ್ಲಾಪ್ಸನ್ನು ಕೊಲ್ಲಲು ಟೆಮೆಫಾಸ್ ಎಂಬ ದ್ರಾವಣವನ್ನು ನೀರಿಗೆ ಬೆರೆಸಿದರು. ಕಡೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದ ಮೇಲೆ ಮತ್ತೊಬ್ಬರು ಕಾಣಲಿಲ್ಲ. 2000ದ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣೀಕರಿಸಿತು.

ಆ ಸೋಸುವ ಅರಿವೆಯನ್ನು ನೆನೆದಾಗಲೆಲ್ಲ ನಮಗೆ ಆದವಾನಿಯ ಹತ್ತಿರದ ಪೆದ್ದ ತುಂಬಳಂ ನೆನಪಾಗುತ್ತದೆ. ಅಲ್ಲಿಯ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ದೂರದೂರದಿಂದ ಜೈನ ಯಾತ್ರಿಕರು ಬರುತ್ತಾರೆ. ನೀರನ್ನು ಸೋಸದೆ ಕುಡಿಯಲಾಗದೆಂಬುದು ಅವರಿಗೆ ಬಹು ಪ್ರಾಚೀನವಾದ ನಿಯಮ. ಅದರ ಉದ್ದೇಶ ತಮ್ಮ ಆರೋಗ್ಯವಲ್ಲ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ತಮ್ಮ ಬಾಯಿಯಿಂದ ಸಾಯದಿರಲೆಂಬ ದಯೆ. ಅರಿವೆಯಲ್ಲಿ ಉಳಿದ ಜೀವಿಗಳನ್ನು ಮೆಲ್ಲನೆ ಮತ್ತೆ ಅದೇ ನೀರಿಗೆ ಬಿಡುವ ಪದ್ಧತಿಯೂ ಅವರಲ್ಲಿದೆ. ಸರ್ಕಾರದವರು ಹಂಚಿದ್ದೂ ಅರಿವೆಯೇ. ಒಂದು ಅರಿವೆ ಸೈಕ್ಲಾಪ್ಸನ್ನು ನಮ್ಮಿಂದ ಕಾಪಾಡಿತು, ಮತ್ತೊಂದು ನಮ್ಮನ್ನು ಸೈಕ್ಲಾಪ್ಸಿನಿಂದ ಕಾಪಾಡಿತು, ನೂಲು ಒಂದೇ. ಆ ಒಕ್ಕಣ್ಣ ಬಡಜೀವಿಯನ್ನು ದ್ರಾವಣ ಬೆರೆಸಿ ಕೊಂದದ್ದು ಮಾತ್ರ ನಮ್ಮ ಮನಸ್ಸಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಮಾಡಿದ ಅಪರಾಧವಾದರೂ ಏನು? ಹಸಿದು ಏನನ್ನೋ ನುಂಗಿತು, ಅಷ್ಟೇ. ಆದರೆ ಅದರ ಸಂತತಿಯೇನೂ ಅಳಿದಿಲ್ಲ. ಯಾವ ಕುಂಟೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ನೋಡಿದರೂ ಚುಕ್ಕೆಯಂತೆ ಜಿಗಿಯುವುದು ಕಾಣುತ್ತದೆ.

ಇನ್ನು ನಾರುಹುಳುವಿನ ಕುಲವನ್ನೇ ಭೂಮಿಯ ಮೇಲಿನಿಂದ ಅಳಿಸಿಹಾಕುವುದು ಸರಿಯೆ ಎಂಬ ಪ್ರಶ್ನೆ. ಅಹಿಂಸೆಯನ್ನು ಮೆಚ್ಚುವ ಕೆಲವು ಮಿತ್ರರು, ಹುಲಿಯನ್ನು ಉಳಿಸುವ ನಾವು ಹುಳುವನ್ನು ಏಕೆ ಉಳಿಸಬಾರದೆಂದು ಕೇಳಿದ್ದಾರೆ. ನಗೆಯಾಡುವ ಪ್ರಶ್ನೆಯಲ್ಲ ಇದು. ನಾವು ಕೊಟ್ಟ ಉತ್ತರ ಹೀಗಿತ್ತು. ಹುಲಿಗೆ ಕಾಡಿದೆ, ಕಾಡನ್ನು ಅದಕ್ಕೆ ಬಿಟ್ಟುಕೊಟ್ಟು ನಾವು ಊರಿನಲ್ಲಿರಬಹುದು. ಈ ಹುಳುವಿನ ಕಾಡು ನಮ್ಮ ಮೈ. ಅದಕ್ಕೆ ಬದುಕುವ ಹಕ್ಕಿದೆಯೆಂದರೆ ಯಾರೋ ಒಬ್ಬರ ಕಾಲನ್ನು ಅದಕ್ಕೆ ಉಂಬಳಿ ಬಿಡಬೇಕು. ಆ ಕಾಲು ಯಾರದು? ದಾನ ಮಾಡುವವರು ತಮ್ಮದನ್ನು ಮಾಡಬೇಕೇ ಹೊರತು ಬಡವರ ಕಾಲನ್ನಲ್ಲ. ಇದಲ್ಲದೆ, ನಡೆದದ್ದನ್ನು ನೋಡಿದರೆ ಹುಳುವನ್ನು ಯಾರೂ ಬೆನ್ನಟ್ಟಿ ಕೊಂದಂತಿಲ್ಲ. ಕಾಲಿನಲ್ಲಿದ್ದದ್ದು ತನ್ನ ಕಾಲಕ್ಕೆ ಹೊರಬಂತು, ಕಡ್ಡಿಗೆ ಸುತ್ತಿಕೊಂಡಿತು. ಅದರ ಮರಿಗಳಿಗೆ ನೀರು ಸಿಗಲಿಲ್ಲ, ಮರಿ ಹೊತ್ತ ನೀರಿಗೆ ನಮ್ಮ ಬಾಯಿ ಸಿಗಲಿಲ್ಲ. ಅದರ ದಾರಿಯಾಗಿ ಇರುವುದನ್ನು ನಾವು ನಿಲ್ಲಿಸಿದೆವು.

ಈ ಉತ್ತರ ನಮಗೆ ಬಹುಕಾಲ ಸಾಕಾಗಿತ್ತು. ಈಗ ಅದರ ಒಂದು ಕಾಲು ಕುಂಟುತ್ತಿದೆ ಎಂಬುದನ್ನು ಮುಚ್ಚಿಡಲಾಗದು. ಜಗತ್ತಿನಲ್ಲಿ 1986ರಲ್ಲಿ 35 ಲಕ್ಷವೆಂದು ಅಂದಾಜು ಮಾಡಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿಯಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ, ಆಫ್ರಿಕದ ಚಾಡ್ ದೇಶದ ನಾಯಿಗಳಲ್ಲಿ ಅದೇ ಹುಳು 2012ರಿಂದ ಕಾಣತೊಡಗಿತು. ಅನಂತರ ಬೆಕ್ಕುಗಳಲ್ಲಿ, ಇಥಿಯೋಪಿಯದ ಕೋತಿಗಳಲ್ಲಿ. ನಾಯಿಯ ಮೈಯಲ್ಲಿ ಇದು ಬೆಳೆಯಬಲ್ಲದೆಂಬುದನ್ನು ಚಿತ್ರದುರ್ಗದ ಮೂರ್ತಿಯವರು 1930ರ ದಶಕದಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು. ನಮ್ಮ ಮೈಯಲ್ಲದೆ ಅದಕ್ಕೆ ಬೇರೆ ಕಾಡಿಲ್ಲವೆಂದು ನಾವು ವಾದಿಸಿದ್ದು ಹಾಗಾದರೆ ಪೂರ್ತಿ ನಿಜವಲ್ಲ. ನಾಯಿಗಳನ್ನು ಅದಕ್ಕೆ ಬಿಟ್ಟುಕೊಟ್ಟು ನಾವು ಪಾರಾಗಬಹುದೆ? ಬಿಟ್ಟುಕೊಟ್ಟರೂ ಪಾರಾಗೆವು, ನಾಯಿಯು ಇಳಿಯುವ ನೀರನ್ನೇ ಚಾಡ್ ದೇಶದ ಹಳ್ಳಿಯವರೂ ಕುಡಿಯುತ್ತಾರೆ. ಅದಿರಲಿ, ಪಾರಾಗುವುದು ಸಾಧ್ಯವಿದ್ದರೂ ಹಾಗೆ ಮಾಡುವುದಕ್ಕೆ ನಮ್ಮ ಮನಸ್ಸು ಒಪ್ಪದು. ಉರಿಯು ನಾಯಿಗೂ ಉರಿಯೇ. ಮಾತನಾಡಿ ತಿಳಿಹೇಳಲಾಗದ ಪ್ರಾಣಿಯದು. ಕಾಲನ್ನು ನೀರಿಗೆ ಇಡಬೇಡವೆಂದರೆ ಅದು ಕೇಳುವುದೆ?

ಅಲ್ಲಿಯ ಜನ ಕಂಡುಕೊಂಡಿರುವ ಉಪಾಯ ಸರಳವಾದುದು. ಮೀನು ಕೊಯ್ದಾಗ ಕರುಳನ್ನು ನಾಯಿ ತಿನ್ನದಂತೆ ಹೂಳುತ್ತಾರೆ. ಹುಳು ಕಾಣಿಸಿಕೊಂಡ ನಾಯಿಯನ್ನು ಮನೆಯ ಮುಂದೆ ಕಟ್ಟಿಹಾಕುತ್ತಾರೆ; ಸುದ್ದಿ ಕೊಟ್ಟು ಹೀಗೆ ಕಟ್ಟಿಟ್ಟವರಿಗೆ ಬಹುಮಾನವೂ ಉಂಟು. ಹುಳು ಪೂರ್ತಿ ಹೊರಬೀಳುವ ತನಕ ವಾರಗಟ್ಟಲೆ ಅದು ಕೊಳವನ್ನು ಸೇರದಂತೆ ನೋಡಿಕೊಳ್ಳಬೇಕು. ಕಟ್ಟಿದವರೇ ಹೊತ್ತುಹೊತ್ತಿಗೆ ಅದರ ಮುಂದೆ ಅನ್ನವನ್ನೂ ಒಂದು ಬೋಗುಣಿಯಲ್ಲಿ ನೀರನ್ನೂ ತಂದಿಡಬೇಕು.